ಮಾಡೆಲ್ ಬಿಟ್ಟು ನಕ್ಷೆಗೆ: ಕ್ಯಾಲಿಫೋರ್ನಿಯಾದ ಒಂದು ಮಿಷನ್ ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಇದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಒಂದು ಕನ್ನಡ ಕುಟುಂಬದ ವಿಷಯ. ಹುಡುಗಿಯನ್ನು ಸಿರಿ ಎಂದು ಕರೆಯುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಶಾಲೆ, ಟೀಚರ್, ಜೊತೆಯ ಮಕ್ಕಳು ಯಾರೂ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ವಾರಾಂತ್ಯದ ಕನ್ನಡ ಕ್ಲಾಸಿನಲ್ಲಿ ಅವಳಿಗೆ ಪಾಠ ಮಾಡುತ್ತಿದ್ದುದರಿಂದ ನಡೆದದ್ದೆಲ್ಲ ಹತ್ತಿರದಿಂದ ಗೊತ್ತು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಬರುವ ವರ್ಷ ಇದೇ ಪ್ರಾಜೆಕ್ಟ್ ಎದುರಾಗುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಬಹುದು.

ಹಿನ್ನೆಲೆ

ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ಕ್ಲಾಸ್ ಅಂದರೆ ರಾಜ್ಯದ ಇತಿಹಾಸ. ಅದರಲ್ಲಿ ಸ್ಪೇನಿನ ಕಾಲದ ಮಿಷನ್‌ಗಳಿಗೆ, ಅಂದರೆ ಕ್ಯಾಥೊಲಿಕ್ ಪಾದ್ರಿಗಳು ಇಲ್ಲಿನ ಮೂಲನಿವಾಸಿಗಳನ್ನು ಮತಕ್ಕೆ ಸೇರಿಸಿ ಇರಿಸಿಕೊಳ್ಳಲು ಕಟ್ಟಿದ ನೆಲೆಗಳಿಗೆ, ಒಳ್ಳೆಯ ಪಾಲಿದೆ. 1769ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಮೊದಲನೆಯದು, 1823ರಲ್ಲಿ ಸೊನೋಮಾದಲ್ಲಿ ಕೊನೆಯದು, ಒಟ್ಟು 21. ಇವನ್ನು ಸೇರಿಸುವ ಸುಮಾರು 600 ಮೈಲಿ ದಾರಿಯೇ ಎಲ್ ಕಮೀನೊ ರಿಯಾಲ್, ಅಂದರೆ ರಾಜಮಾರ್ಗ. ಸಾಂಟಾ ಕ್ಲಾರಾ, ಸನಿವೇಲ್ ಕಡೆಯ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ದಿನಸಿ ತರೋಕೆ, ದೋಸೆ ತಿನ್ನೋಕೆ ಓಡಾಡುವ ರಸ್ತೆಯೇ ಅದು. ಅದರ ಬದಿಯಲ್ಲಿ ಅಲ್ಲಲ್ಲಿ, ತುದಿ ಬಾಗಿದ ಕಂಬಕ್ಕೆ ತೂಗುಹಾಕಿದ ಗಂಟೆಗಳಿವೆ. ನೋಡಿದರೆ ಪಾದ್ರಿಗಳ ಕಾಲದವು ಅನ್ನಿಸುತ್ತದೆ. ಆದರೆ ಅವನ್ನು ನೆಡಲು ಶುರು ಮಾಡಿದ್ದು 1906ರಲ್ಲಿ, ಕಾರುಗಳು ಬಂದು ಪ್ರವಾಸ ಜೋರಾಗುತ್ತಿದ್ದ ಹೊತ್ತಿಗೆ.

ಒಂದು ಮಿಷನ್ನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ದಿನದ ಪ್ರಯಾಣ, ಹಾಗೆ ಲೆಕ್ಕ ಹಾಕಿಯೇ ಕಟ್ಟಿದರು ಎಂದು ಮಕ್ಕಳಿಗೆ ಹೇಳುವುದುಂಟು. ಕಟ್ಟಿದ ಇಸವಿಗಳನ್ನು ನೋಡಿದರೆ ಆ ಲೆಕ್ಕ ನಿಲ್ಲುವುದಿಲ್ಲ. ಮೊದಲನೆಯದು ಸ್ಯಾನ್ ಡಿಯೇಗೊ, ಎರಡನೆಯದು 1770ರಲ್ಲಿ ಎಲ್ಲೋ ದೂರದ ಮಾಂಟೆರೆಯಲ್ಲಿ. ನಡುವಿನ ಜಾಗ ತುಂಬಿದ್ದು ನಿಧಾನವಾಗಿ. 1797ರ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಲಾಸುಯೆನ್ ಎಂಬ ಪಾದ್ರಿ ನಾಲ್ಕು ಮಿಷನ್ ಶುರು ಮಾಡಿದ. ಅಷ್ಟರಲ್ಲಿ ಸ್ಪೇನಿನವರು ಬಂದು 28 ವರ್ಷವಾಗಿತ್ತು. ಸಾಮಾನು ಸರಂಜಾಮು ಬರುತ್ತಿದ್ದುದು ಜಾಸ್ತಿ ಹಡಗಿನಲ್ಲಿ, ಮೆಕ್ಸಿಕೋದ ಸಾನ್ ಬ್ಲಾಸ್ ಬಂದರಿನಿಂದ. ಮೆಕ್ಸಿಕೋದ ಸೊನೋರಾದಿಂದ ಬರುವ ನೆಲದ ದಾರಿಯನ್ನು 1781ರಲ್ಲಿ ಕೆಚಾನ್ ಎಂಬ ಮೂಲನಿವಾಸಿ ಜನ ತಿರುಗಿಬಿದ್ದು ಮುಚ್ಚಿಸಿದ್ದರು. ರಾಜಮಾರ್ಗ ಎಂಬ ಒಂದೇ ನೇರ ರಸ್ತೆಯ ಚಿತ್ರ ಬಹುಪಾಲು ನಂತರದ ಕಾಲದ್ದು.

ಈ ಪಾಠದ ಜೊತೆಗೆ ದಶಕಗಳಿಂದ ಒಂದು ಪದ್ಧತಿ ಬೆಳೆದಿದೆ. ಪ್ರತಿ ಮಗುವೂ ಒಂದು ಮಿಷನ್ ಆರಿಸಿಕೊಂಡು ಅದರ ಮಾಡೆಲ್ ಕಟ್ಟಬೇಕು. ಶುಗರ್ ಕ್ಯೂಬ್, ಐಸ್‌ಕ್ರೀಂ ಕಡ್ಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಕಿಟ್. 2016ರಲ್ಲಿ ರಾಜ್ಯ ಒಪ್ಪಿದ ಹೊಸ ಪಠ್ಯ ಚೌಕಟ್ಟು ಇದಕ್ಕೆ ಬೇಡ ಅಂದಿತು. ಹೀಗೆ ಮಾಡೆಲ್ ಕಟ್ಟುವುದರಿಂದ ಆ ಕಾಲ ಅರ್ಥವಾಗುವುದಿಲ್ಲ, ಅನೇಕರಿಗೆ ಅದು ನೋವು ಕೊಡುತ್ತದೆ, ಕಟ್ಟಡಕ್ಕಿಂತ ಅಲ್ಲಿನ ದಿನನಿತ್ಯದ ಬದುಕನ್ನು ನೋಡಿ ಎಂದು ಹೇಳಿತು. ಆದರೆ ಚೌಕಟ್ಟು ಬದಲಾದ ಮಾತ್ರಕ್ಕೆ ರೂಢಿ ಬದಲಾಗಬೇಕಲ್ಲ. ಸಿರಿಯ ಟೀಚರ್ ಮಾಡೆಲ್, ಪೋಸ್ಟರ್, ವರದಿ ಮೂರರಲ್ಲಿ ಯಾವುದಾದರೂ ಸರಿ ಅಂದಿದ್ದರು. ಮಕ್ಕಳು ಯಾವುದಕ್ಕೆ ಕೈ ಹಾಕುತ್ತಾರೆ ಎಂದು ಊಹಿಸುವುದು ಕಷ್ಟವೇನಲ್ಲ.

ಮನೆಯಲ್ಲಿ ಅಪ್ಪ, ಅಮ್ಮ, ಆಗಷ್ಟೇ ಮಂಗಳೂರಿನಿಂದ ಬಂದಿದ್ದ ಅಮ್ಮನ ಅಪ್ಪ. ಸಿರಿ ಆರಿಸಿಕೊಂಡದ್ದು ಸಾಂಟಾ ಕ್ರೂಜ್ ಮಿಷನ್. ಕಾರಣ ಇಷ್ಟೇ, ಬೀಚಿಗೆ ಹೋಗುವಾಗ ಆ ಊರು ನೋಡಿದ್ದಳು. ಕಿಟ್ ಬಂತು. ಅಜ್ಜನಿಗೂ ಖುಷಿ. ಅವರ ಮಟ್ಟಿಗೆ ಮಿಷನ್ ಅಂದರೆ ಬಾಸೆಲ್ ಮಿಷನ್: ಜೆಪ್ಪುವಿನ ಹಂಚಿನ ಕಾರ್ಖಾನೆ, ಶಾಲೆ, ಅಚ್ಚುಕೂಟ, ಕಿಟ್ಟೆಲ್ ನಿಘಂಟು. "ಒಳ್ಳೆ ಕೆಲಸ ಮಾಡಿದವರು ಪುಟ್ಟಿ, ಚಂದ ಮಾಡಿ ಕಟ್ಟು" ಅಂದರಂತೆ. ಮನೆಯವರೆಲ್ಲ ಈ ವಿಷಯಕ್ಕೆ ಇದೇ ಭಾವನೆಯಿಂದ ಕೈಹಾಕಿದ್ದರು. ಮುಂದೆ ಆದದ್ದರಲ್ಲಿ ಇದರ ಪಾಲು ಸಣ್ಣದಲ್ಲ.

ಸಮಸ್ಯೆ ಎದ್ದ ಬಗೆ

ನಮ್ಮ ಕನ್ನಡ ಕ್ಲಾಸಿನಲ್ಲಿ ಮಕ್ಕಳು ಶಾಲೆಯ ಪ್ರಾಜೆಕ್ಟನ್ನು ಕನ್ನಡದಲ್ಲಿ ಹೇಳುವ ರೂಢಿ ಇದೆ. ಸಿರಿ ಮುಕ್ಕಾಲು ಮುಗಿದಿದ್ದ ಮಾಡೆಲ್ ತಂದಳು. ಚರ್ಚು, ಗಂಟೆಗೋಪುರ, ಅಂಗಳ, ಹಸಿರು ಸ್ಪಂಜಿನ ಮರಗಳು. ಪಾದ್ರಿಗಳು ಬಂದರು, ಇಲ್ಲಿನ ಜನರಿಗೆ ಬೇಸಾಯ ಕಲಿಸಿದರು, ಎಲ್ಲರೂ ಸೇರಿ ಚರ್ಚು ಕಟ್ಟಿದರು ಎಂದು ಚೆನ್ನಾಗಿಯೇ ಹೇಳಿದಳು. ಅವಳಿಗಿಂತ ಚಿಕ್ಕ ಹುಡುಗನೊಬ್ಬ ಮಾಡೆಲ್ ಸುತ್ತ ಒಂದು ಸುತ್ತು ಬಂದು, "ಕಟ್ಟಿದವರ ಮನೆ ಎಲ್ಲಿ?" ಅಂದ.

ಮನೆ ಇರಲಿಲ್ಲ. ಕಿಟ್ಟಿನಲ್ಲಿ ಅದಕ್ಕೆ ತುಂಡುಗಳೇ ಇರಲಿಲ್ಲ. ಸಿರಿ ಅಮ್ಮನ ಮುಖ ನೋಡಿದಳು. ಅಮ್ಮನಿಗೂ ಗೊತ್ತಿರಲಿಲ್ಲ.

ಆ ವಾರ ಅಮ್ಮ ಓದಲು ಕೂತರು. ಒಂದೊಂದಾಗಿ ವಿಷಯ ಹೊರಬಂತು. ಅಲಾಸ್ಕಾ ಕಡೆಯಿಂದ ರಷ್ಯನ್ನರು ಇಳಿದುಬಂದಾರು ಎಂಬ ಭಯಕ್ಕೆ ಸ್ಪೇನ್ ಈ ಕರಾವಳಿಯನ್ನು ಹಿಡಿಯಲು ಹೊರಟಿತ್ತು. ಪಾದ್ರಿಗಳ ಜೊತೆಯಲ್ಲೇ ಸೈನಿಕರೂ ಬಂದಿದ್ದರು. ಒಮ್ಮೆ ದೀಕ್ಷಾಸ್ನಾನ ಪಡೆದವರು ಅಪ್ಪಣೆ ಇಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವರನ್ನು ಸೈನಿಕರು ಹಿಡಿದು ತರುತ್ತಿದ್ದರು, ಚಾವಟಿ ಏಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕೋಣೆಯಲ್ಲಿ ಕೂಡಿ ಬೀಗ ಹಾಕುತ್ತಿದ್ದರು. ಎದ್ದೇಳಲು, ಪ್ರಾರ್ಥನೆಗೆ, ಕೆಲಸಕ್ಕೆ, ಊಟಕ್ಕೆ ಎಲ್ಲಕ್ಕೂ ಗಂಟೆ. 1786ರಲ್ಲಿ ಕಾರ್ಮೆಲ್ ಮಿಷನ್ ನೋಡಿದ ಫ್ರೆಂಚ್ ನಾವಿಕ ಲಾ ಪೆರೂಸ್‌ಗೆ ಕೆರಿಬಿಯನ್ನಿನ ಗುಲಾಮರ ತೋಟಗಳು ನೆನಪಾಗಿದ್ದವು. 1806ರಲ್ಲಿ ದಡಾರ ಬಂದು ಬೇ ಏರಿಯಾದ ಮಿಷನ್‌ಗಳಲ್ಲಿದ್ದ ಮೂಲನಿವಾಸಿಗಳಲ್ಲಿ ಹೆಚ್ಚುಕಡಿಮೆ ಕಾಲುಭಾಗ ಜನ ಕೆಲವೇ ತಿಂಗಳಲ್ಲಿ ಸತ್ತರು.

ಸಾಂಟಾ ಕ್ರೂಜ್‌ನದ್ದೇ ಆದ ಒಂದು ಘಟನೆಯೂ ಇದೆ. 1812ರಲ್ಲಿ ಅಲ್ಲಿನ ಪಾದ್ರಿ ಆಂದ್ರೆಸ್ ಕಿಂಟಾನಾನನ್ನು ಮಿಷನ್ನಿನ ಜನರೇ ಕೊಂದರು. ತುದಿಗೆ ಲೋಹ ಕಟ್ಟಿದ ಹೊಸ ಚಾವಟಿ ಮಾಡಿಸಿದ್ದ, ಅದರ ಏಟಿಗೆ ಹೆದರಿ ಕೊಂದರು ಎಂದು ಲೊರೆಂಜೊ ಅಸಿಸಾರಾ ಎಂಬುವನು 1877ರಲ್ಲಿ ಬರೆಸಿದ್ದಾನೆ. ಅವನು ಅದೇ ಮಿಷನ್ನಿನಲ್ಲಿ ಹುಟ್ಟಿದವನು. ಅವನಪ್ಪ ಆ ಗುಂಪಿನಲ್ಲಿದ್ದವನು. ಪಾದ್ರಿ ಸಹಜವಾಗಿ ಸತ್ತ ಎಂದೇ ಮೊದಲು ಎಲ್ಲರೂ ನಂಬಿದ್ದರು. ವಿಷಯ ಹೊರಬಿದ್ದ ಮೇಲೆ ಸಿಕ್ಕವರಿಗೆ ಚಾವಟಿ, ಸಂಕೋಲೆ. ಮಿಷನ್ ಒಳಗಿದ್ದ ಮೂಲನಿವಾಸಿಗಳ ಮಾತು ಹೀಗೆ ದಾಖಲಾಗಿ ಉಳಿದದ್ದು ಬಹಳ ಅಪರೂಪ.

ಅಮ್ಮನಿಗೆ ಸಿಟ್ಟು ಬಂತು. ಬರಬೇಕಾದ್ದೇ. ಮಾಡೆಲ್ ಗ್ಯಾರೇಜಿಗೆ ಹೋಯಿತು. ಭಾಷಣ ಹೊಸದಾಯಿತು.

ಮೊದಲ ಪ್ರಯತ್ನ, ಅದರ ಪರಿಣಾಮ

ಹೊಸ ಭಾಷಣದಲ್ಲಿ ಸುಳ್ಳು ಏನೂ ಇರಲಿಲ್ಲ. ಚಾವಟಿ, ಬೀಗ, ದಡಾರ, ಸಾವು ಎಲ್ಲವೂ ಇದ್ದವು. ಕೊನೆಯ ಸಾಲು, "ಮಿಷನ್ ಕೆಟ್ಟ ಜಾಗ, ಪಾದ್ರಿಗಳು ಕೆಟ್ಟವರು." ಶಾಲೆಯಲ್ಲಿ ಗುಂಪಿನೊಳಗೆ ಅಭ್ಯಾಸ ಮಾಡುವಾಗ ಸಿರಿ ಇದನ್ನು ಓದಿದಳು. ಪಕ್ಕದಲ್ಲಿದ್ದ ಗೆಳತಿಯ ಮನೆಯವರು ಕ್ಯಾಥೊಲಿಕ್ಕರು, ಮೂಲ ಮೆಕ್ಸಿಕೋ. ಪ್ರತಿ ಭಾನುವಾರ ಪೂಜೆಗೆ ಹೋಗುವುದು ಅಂಥದ್ದೇ ಒಂದು ಮಿಷನ್ ಚರ್ಚಿಗೆ. ಅವಳು ಅತ್ತಳು. ಮಧ್ಯಾಹ್ನ ಸಿರಿಯ ಜೊತೆ ಊಟಕ್ಕೆ ಕೂರಲಿಲ್ಲ. ಸಂಜೆ ಟೀಚರ್ ಫೋನ್ ಮಾಡಿದರು. ವಿಷಯ ತೆಗೆಯಿರಿ ಅನ್ನಲಿಲ್ಲ, ಇನ್ನೊಮ್ಮೆ ಯೋಚಿಸಿ ಅಂದರು.

ಮನೆಯಲ್ಲಿ ಚರ್ಚೆ ಬಿಸಿಯಾಯಿತು. ಅಪ್ಪ, "ಒಂಬತ್ತು ವರ್ಷದ ಮಗುವಿಗೆ ಇದೆಲ್ಲ ಯಾಕೆ, ಸುಮ್ನೆ ಮಾಡೆಲ್ ಕೊಟ್ಟು ಮುಗಿಸಿ" ಅಂದರು. ಅಮ್ಮ ಒಪ್ಪಲಿಲ್ಲ, ಗೊತ್ತಾದ ಮೇಲೂ ಸಕ್ಕರೆ ಮನೆ ಕಟ್ಟಿಕೊಡೋದು ಹೇಗೆ ಎಂದು ವಾದಿಸಿದರು. ಅಜ್ಜನಿಗೆ ಬೇರೆಯೇ ಕಸಿವಿಸಿ. ಮಂಗಳೂರಿನಲ್ಲಿ ತಾವು ಕಂಡ ಮಿಷನ್ನಿಗೂ ಇದಕ್ಕೂ ತಾಳೆಯೇ ಆಗುತ್ತಿಲ್ಲ ಅಂದರು.

ಅಜ್ಜನ ಮಾತನ್ನು ಅಮ್ಮ ತಳ್ಳಿಹಾಕದೆ ಹಿಡಿದುಕೊಂಡದ್ದು ಒಳ್ಳೆಯದಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ ಆಳುತ್ತಿದ್ದವರು ಬ್ರಿಟಿಷರು. ಮಿಷನರಿಗಳು ಜರ್ಮನಿ, ಸ್ವಿಟ್ಜರ್ಲೆಂಡಿನವರು. ಅವರ ಹಿಂದೆ ತಮ್ಮದೇ ಸೈನ್ಯ ಇರಲಿಲ್ಲ. ಬಂದವರನ್ನು ಹಿಡಿದಿಡುವ ಕಾನೂನೂ ಇರಲಿಲ್ಲ. ಜಾತಿಯಿಂದ ಹೊರಬಿದ್ದವರಿಗೆ ದುಡಿಮೆ ಬೇಕಿತ್ತು, ಅದಕ್ಕೆ ನೇಯ್ಗೆ, ಹಂಚಿನ ಕಾರ್ಖಾನೆ ಬಂದವು. ಕ್ಯಾಲಿಫೋರ್ನಿಯಾದಲ್ಲಿ ಮಿಷನ್ ಅನ್ನುವುದು ಸಾಮ್ರಾಜ್ಯದ್ದೇ ಒಂದು ಅಂಗ. ನೆಲ, ಕೂಲಿ, ಶಿಕ್ಷೆ, ಮದುವೆ ಎಲ್ಲವೂ ಅಲ್ಲೇ ತೀರ್ಮಾನ. ಮಿಷನರಿ ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕಿಂತ ಅವನ ಕೈಯಲ್ಲಿ ಏನೇನು ಅಧಿಕಾರ ಇತ್ತು ಅನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಮೊದಲ ಭಾಷಣ, ಎರಡನೇ ಭಾಷಣ ಎರಡೂ ಜನರ ಗುಣಕ್ಕೆ ಅಂಕ ಕೊಡುವುದರಲ್ಲೇ ಮುಗಿದಿದ್ದವು ಎಂದು ನನಗೆ ಅನ್ನಿಸಿದ್ದು ಆಗ. ಮೊದಲನೆಯದರಲ್ಲಿ ನೂರಕ್ಕೆ ನೂರು, ಎರಡನೆಯದರಲ್ಲಿ ಸೊನ್ನೆ.

ತಿರುವು

ಅಮ್ಮ ಆ ಚಿಕ್ಕ ಹುಡುಗನ ಪ್ರಶ್ನೆಗೇ ವಾಪಸ್ ಬಂದರು. ಮನೆ ಎಲ್ಲಿ? ಹುಡುಕಿದರೆ, 21 ಮಿಷನ್‌ಗಳಲ್ಲಿ ಮೂಲನಿವಾಸಿ ಕುಟುಂಬಗಳು ಇದ್ದ ವಸತಿಯ ಕಟ್ಟಡ ಉಳಿದಿರುವುದು ಸಾಂಟಾ ಕ್ರೂಜ್‌ನಲ್ಲೇ. ಅಲ್ಲಿನ ಮೂಲ ಚರ್ಚು 1857ರಲ್ಲಿ ಕುಸಿದುಬಿತ್ತು. ಈಗ ಕಾಣುವ ಚರ್ಚು 1930ರ ಸುಮಾರಿಗೆ ಚಿಕ್ಕದಾಗಿ ಕಟ್ಟಿದ ನಕಲು. ಕಿಟ್ ತೋರಿಸುತ್ತಿದ್ದುದು ಇಲ್ಲದ ಕಟ್ಟಡವನ್ನು. ಬಿಟ್ಟದ್ದು ಇರುವ ಕಟ್ಟಡವನ್ನು.

ಮನೆಯವರೆಲ್ಲ ಹೋಗಿ ನೋಡಿದರು. ಈಗ ಅದು ರಾಜ್ಯದ ಚಾರಿತ್ರಿಕ ಉದ್ಯಾನ. ಹಸಿ ಇಟ್ಟಿಗೆಯ ಉದ್ದನೆಯ ಒಂದು ಸಾಲು, ಒಳಗೆ ಒಂದರ ಪಕ್ಕ ಒಂದು ಕೋಣೆ. ಗೋಡೆ ಎಷ್ಟು ದಪ್ಪ ಅಂದರೆ ಸಿರಿ ಕಿಟಕಿಯಲ್ಲಿ ಕೈ ಪೂರ್ತಿ ಚಾಚಿ ಅಳೆದು ನೋಡಿದಳಂತೆ. ಕಟ್ಟಿದವರು ಓಲೋನಿ ಮತ್ತು ಯೋಕಟ್ಸ್ ಎಂಬ ಮೂಲನಿವಾಸಿ ಜನ. ಅಲ್ಲಿ ಅಪ್ಪನೇ ಒಂದು ಪ್ರಶ್ನೆ ಕೇಳಿದರು: ಯೋಕಟ್ಸ್ ಜನರ ಊರು ಸೆಂಟ್ರಲ್ ವ್ಯಾಲಿ, ಇಲ್ಲಿಂದ ಗುಡ್ಡ ದಾಟಿ ಅಷ್ಟು ದೂರ. ಅವರು ಇಲ್ಲಿಗೆ ಯಾಕೆ ಬಂದರು?

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಈ ಪ್ರಶ್ನೆಯಲ್ಲಿ. ಬೇಡ ಅನ್ನುತ್ತಿದ್ದವರು ಅಪ್ಪ. ಅವರಿಗೆ ಲೆಕ್ಕ, ನಕ್ಷೆ ಅಂದರೆ ಇಷ್ಟ. ಇದಕ್ಕೆ ಉತ್ತರ ಲೆಕ್ಕದಲ್ಲೇ ಇತ್ತು.

ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಾವು ಮೂರಕ್ಕೂ ಪುಸ್ತಕ ಇಡುತ್ತಿದ್ದರು. ಆ ಪುಸ್ತಕಗಳ ಮಾಹಿತಿಯನ್ನೆಲ್ಲ ಹಂಟಿಂಗ್ಟನ್ ಲೈಬ್ರರಿ ಒಂದೇ ಡೇಟಾಬೇಸ್ ಮಾಡಿದೆ. ದೀಕ್ಷಾಸ್ನಾನಗಳೇ ಒಂದು ಲಕ್ಷಕ್ಕೂ ಜಾಸ್ತಿ. ಒಂದೊಂದು ಸಾಲಿನಲ್ಲಿ ಕ್ರಮಸಂಖ್ಯೆ, ತಾರೀಕು, ಕೊಟ್ಟ ಸ್ಪ್ಯಾನಿಶ್ ಹೆಸರು, ಪಾದ್ರಿ ಬರೆದುಕೊಂಡಿದ್ದರೆ ಮೊದಲಿನ ಹೆಸರು, ವಯಸ್ಸು, ಅಪ್ಪ ಅಮ್ಮ, ಯಾವ ಹಳ್ಳಿಯವರು. ಸಾವಿನ ಪುಸ್ತಕದ ಜೊತೆ ಹೊಂದಿಸಿದರೆ ಅದೇ ಮನುಷ್ಯ ಎಷ್ಟು ವರ್ಷ ಬದುಕಿದ ಅನ್ನುವುದೂ ಸಿಗುತ್ತದೆ. ಎಷ್ಟೋ ಮಕ್ಕಳ ಎರಡು ತಾರೀಕುಗಳ ನಡುವೆ ಅಂತರವೇ ಇಲ್ಲ.

ಅಪ್ಪ ಮಗಳು ಕೂತು ಹಳ್ಳಿಯ ಕಾಲಂ ಹಿಡಿದರು. ಮೊದಮೊದಲು ಬಂದವರು ಅಕ್ಕಪಕ್ಕದ ಕರಾವಳಿಯವರು, ಆಮೇಲೆ ಗುಡ್ಡದಾಚೆಯವರು, ಕೊನೆಕೊನೆಗೆ ಸೆಂಟ್ರಲ್ ವ್ಯಾಲಿಯವರು. ಮಿಷನ್ ಒಳಗೆ ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಹೊಲ, ದನ, ನೇಯ್ಗೆ ನಡೆಯಬೇಕಾದರೆ ಹೊಸ ಜನ ಬೇಕು. ಹತ್ತಿರದ ಹಳ್ಳಿಗಳು ಖಾಲಿಯಾದ ಹಾಗೆ ಬಲೆ ದೂರ ದೂರಕ್ಕೆ ಬಿತ್ತು. ಯಾರೂ ಕೆಟ್ಟವರು ಎಂದು ಬರೆಯಬೇಕಾಗಿಲ್ಲ. ಅಂಥ ಕಾಲಂ ಅದು.

ಕೊನೆಯ ರೂಪ

ಸಿರಿ ಒಂದು ನಕ್ಷೆ ಬರೆದಳು. ಅದರಲ್ಲಿ ಎಲ್ ಕಮೀನೊ ರಿಯಾಲ್ ಕೆಂಪು ಗೆರೆ, ದಕ್ಷಿಣದಿಂದ ಉತ್ತರಕ್ಕೆ. ಅದನ್ನು ಅಡ್ಡ ಕತ್ತರಿಸುವ ನೀಲಿ ಗೆರೆಗಳು, ಹಳ್ಳಿಗಳಿಂದ ಮಿಷನ್ನಿಗೆ. ವರ್ಷ ಕಳೆದ ಹಾಗೆ ನೀಲಿ ಗೆರೆ ಉದ್ದ. ಓಡಿಹೋದವರ ದಾರಿಯೂ ಅದೇ, ಆದರೆ ಪೂರ್ವಕ್ಕೆ, ಬಾಣದ ಗುರುತು ಉಲ್ಟಾ. ಪೋಸ್ಟ್‌ಕಾರ್ಡಿನಲ್ಲಿ, ಗಂಟೆ ಕಂಬಗಳಲ್ಲಿ ಬರೀ ಕೆಂಪು ಗೆರೆಯೇ ಇರುತ್ತದೆ. ತಮ್ಮ ದುಡಿಮೆಯಿಂದ ಮಿಷನ್ ನಡೆಸಿದ ಜನ ನಡೆದ ದಾರಿ ಮಾತ್ರ ನೀಲಿಯದು. ನನಗೆ ಗೊತ್ತಿರುವ ದೊಡ್ಡವರಲ್ಲೂ ಇದನ್ನು ಹೀಗೆ ನೋಡಿದವರು ಕಡಿಮೆ.

ಇಲ್ಲಿ ಎರಡು ತೀರ್ಮಾನಗಳಿಗೆ ಸಮಯ ಹಿಡಿಯಿತು. ಒಂದು, ಹೆಸರುಗಳು. ನಕ್ಷೆಯಲ್ಲಿ ಕೆಲವು ಮಕ್ಕಳ ಹೆಸರು, ವಯಸ್ಸು ಬರೆಯಬೇಕು ಎಂದು ಸಿರಿಗೆ ಆಸೆ. ಕ್ಯಾಲಿಫೋರ್ನಿಯಾದ ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ತೀರಿಹೋದವರ ಹೆಸರು ಎತ್ತಬಾರದು ಎಂಬ ಕಟ್ಟು ಇತ್ತು ಎಂದು ಅಮ್ಮ ಓದಿದ್ದರು. ಅವರ ವಂಶದವರು ಇದೇ ಊರುಗಳಲ್ಲಿದ್ದಾರೆ, ಅವರನ್ನು ಕೇಳದೆ ನಾವು ಗೋಡೆಗೆ ಅಂಟಿಸುವುದು ಸರಿಯಲ್ಲ ಎಂದಾಯಿತು. ಹಳ್ಳಿ, ವಯಸ್ಸು ಇಟ್ಟರು, ಹೆಸರು ಬಿಟ್ಟರು. ಒಬ್ಬನದನ್ನು ಮಾತ್ರ ಬರೆದರು. ಎಸ್ತಾನಿಸ್ಲಾವೊ, ಯೋಕಟ್ಸ್ ಮನುಷ್ಯ, ಈಗಿನ ಫ್ರೀಮಾಂಟ್‌ನಲ್ಲಿರುವ ಮಿಷನ್ ಸ್ಯಾನ್ ಹೊಸೆಯಲ್ಲಿ ಮುಖಂಡನಾಗಿದ್ದವನು. 1828ರಲ್ಲಿ ವಾಪಸ್ ಬರಲ್ಲ ಎಂದು ಹೇಳಿಕಳಿಸಿ ವ್ಯಾಲಿಯಲ್ಲಿ ಉಳಿದ. ಮೇಲೆ ಬಂದ ಸೈನ್ಯಗಳ ಜೊತೆ ಕಾದಾಡಿದ. 1829ರಲ್ಲಿ ಸೇನಾಧಿಕಾರಿ ವಯೇಹೊ ತೋಪು ತಂದ ಮೇಲೆ ಮಿಷನ್ನಿಗೆ ಮರಳಿ ಪಾದ್ರಿ ದುರಾನ್ ಎದುರು ನಿಂತ. ದುರಾನ್ ಅವನಿಗೆ ಕ್ಷಮೆ ಕೊಡಿಸಿದ. ಅವನ ಹೆಸರು ಸ್ಟಾನಿಸ್ಲಾಸ್ ನದಿಯಲ್ಲಿ, ಕೌಂಟಿಯಲ್ಲಿ ಎಲ್ಲರ ಬಾಯಲ್ಲೂ ಇದೆ.

ದುರಾನ್ ಈ ನಕ್ಷೆಗೆ ಬಂದದ್ದು ಸಿರಿಯ ಗೆಳತಿಯಿಂದ. ಟೀಚರ್ ಇಬ್ಬರನ್ನೂ ಜೊತೆಗೆ ಕೂರಿಸಿದ್ದರು. "ಒಳ್ಳೇ ಪಾದ್ರಿ ಒಬ್ಬರೂ ಇರಲಿಲ್ವಾ?" ಎಂದು ಅವಳು ಕೇಳಿದ್ದಳು. ಮೂಲನಿವಾಸಿ ವಾದ್ಯಗಾರರ ದೊಡ್ಡ ತಂಡ ಕಟ್ಟಿ ಸಂಗೀತ ಕಲಿಸಿದವನು ದುರಾನ್. ಮಿಷನ್ನಿನ ಜನರನ್ನು ಬಿಟ್ಟುಬಿಡಲು ಒಪ್ಪದವನೂ ಅವನೇ. ಎರಡನ್ನೂ ಬರೆದರು. ಸಾನ್ ಹುವಾನ್ ಬೌತಿಸ್ತಾ ಮಿಷನ್ನಿನಲ್ಲಿ ಅರೋಯೊ ದೆ ಲಾ ಕ್ವೆಸ್ತಾ ಎಂಬ ಪಾದ್ರಿ, ಓಲೋನಿ ಭಾಷೆಗಳಲ್ಲಿ ಒಂದಾದ ಮುತ್ಸುನ್ ಭಾಷೆಯ ಪದಗಳನ್ನು, ವಾಕ್ಯಗಳನ್ನು ಬರೆದಿಟ್ಟಿದ್ದ. ಇಂದು ಆ ಭಾಷೆಯನ್ನು ಮತ್ತೆ ಕಲಿಯುತ್ತಿರುವ ಮುತ್ಸುನ್ ಜನ ಬಳಸುವ ಆಧಾರಗಳಲ್ಲಿ ಅದೂ ಒಂದು.

ಇನ್ನೊಂದು ತೀರ್ಮಾನ ಕಾಲದ್ದು. ಮೊದಲ ಕರಡಿನಲ್ಲಿ ಓಲೋನಿ ಜನ ಇಲ್ಲಿ "ಇದ್ದರು" ಎಂದೇ ಇತ್ತು. ಟೀಚರ್ ಪೆನ್ಸಿಲ್‌ನಿಂದ ಸುತ್ತು ಹಾಕಿ ಕಳಿಸಿದರು. ಅಮಾ ಮುತ್ಸುನ್ ಸಮುದಾಯದವರು ಒತ್ತಾಯಿಸಿ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಆವರಣದ ಗಂಟೆ ಕಂಬವನ್ನು 2019ರಲ್ಲಿ ತೆಗೆಸಿದ್ದಾರೆ. 2021ರಲ್ಲಿ ಊರಿನದ್ದನ್ನೂ ತೆಗೆಸಿದ್ದಾರೆ. ಇಲ್ಲದವರು ಹೀಗೆ ಮಾಡುತ್ತಾರಾ? ನಕ್ಷೆಯ ಮೂಲೆಯಲ್ಲಿ ಈಗಿನ ಸಮುದಾಯಗಳಿಗೊಂದು ಚೌಕ ಬಂತು. ಮಿಷನ್ ಮುಚ್ಚಿದ ಮೇಲಿನ ಕಥೆಗೂ ನಾಲ್ಕು ಸಾಲು ಸಿಕ್ಕಿತು. ಅಷ್ಟರಲ್ಲಿ ಸ್ಪೇನಿನಿಂದ ಬಿಡಿಸಿಕೊಂಡಿದ್ದ ಮೆಕ್ಸಿಕೋ 1833ರಲ್ಲಿ ಮಿಷನ್‌ಗಳ ಆಸ್ತಿ ಬಿಡಿಸುವ ಕಾನೂನು ತಂದಿತು, ಆದರೆ ನೆಲದ ಬಹುಪಾಲು ದನ ಸಾಕುವ ದೊಡ್ಡ ಜಮೀನ್ದಾರರ ಕೈಸೇರಿತು. ಅಮೆರಿಕ ಬಂದ ಮೇಲಿನ ದಿನಗಳು ಇನ್ನೂ ಕ್ರೂರ. ಅದು ಬೇರೆಯೇ ಪ್ರಾಜೆಕ್ಟ್ ಆಗುವಷ್ಟಿದೆ.

ಆದದ್ದೇನು

ಪ್ರೆಸೆಂಟೇಶನ್ ದಿನ ಮಕ್ಕಳು ಕೇಳಿದ್ದೆಲ್ಲ ನೀಲಿ ಗೆರೆ ಬಗ್ಗೆ. ಎಷ್ಟು ದಿನ ನಡೀಬೇಕು, ಮಕ್ಕಳನ್ನು ಎತ್ತಿಕೊಂಡು ಹೋಗ್ತಿದ್ರಾ, ಸಿಕ್ಕಿಬಿದ್ದರೆ ಏನು ಮಾಡ್ತಿದ್ರು. ಚಾವಟಿಯ ವಿಷಯ ಆಗ ಬಂತು, ಪ್ರಶ್ನೆಗೆ ಉತ್ತರವಾಗಿ. ಮೊದಲು ಇದೇ ವಿಷಯ ಒಂದು ಪಟ್ಟಿಯ ಮೊದಲ ಸಾಲಾಗಿತ್ತು. ಮಾಹಿತಿ ಅದೇ. ಕೇಳಿದವರು ಮಾತ್ರ ಈ ಸಲ ತಾವೇ ದಾರಿ ನಡೆದು ಅಲ್ಲಿಗೆ ಬಂದಿದ್ದರು. ಕಿಂಟಾನಾನ ಕೊಲೆ ಬೇಡ ಎಂದು ಅಮ್ಮ ನಿರ್ಧರಿಸಿದ್ದರು, ಅದು ಸರಿ ಅಂತ ನನಗೂ ಅನ್ನಿಸುತ್ತದೆ. ಹೈಸ್ಕೂಲಿನಲ್ಲಿ ಅಸಿಸಾರಾನ ಮಾತುಗಳನ್ನು ಅವಳೇ ಓದಿಕೊಳ್ಳಲಿ.

ಗೆಳತಿಯರು ಮತ್ತೆ ಜೊತೆಗೆ ಊಟಕ್ಕೆ ಕೂರುತ್ತಾರೆ. ಗೆಳತಿಯ ಅಮ್ಮನಿಗೆ ಮಾತ್ರ ನಕ್ಷೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಂಬಿಕೆ ತಂದುಕೊಟ್ಟ ಜಾಗದ ಬಗ್ಗೆ ಒಂದೇ ಚೌಕದಲ್ಲಿ ಮುಗಿಸಿದ್ದೀರಿ ಅಂದರು. ಮಿಷನ್ ಮಾತು ಬಂದಾಗ ಸಿರಿಯ ಅಪ್ಪ ಅಮ್ಮ ಈಗಲೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಟೀಚರ್ ಮುಂದಿನ ವರ್ಷದ ಹಾಳೆಯಲ್ಲಿ ಮಾಡೆಲ್ ಆಯ್ಕೆ ಹಾಗೇ ಇಟ್ಟಿದ್ದಾರೆ, ಆದರೆ ಅದರ ಕೆಳಗೆ ಒಂದು ಕಡ್ಡಾಯ ಪ್ರಶ್ನೆ ಸೇರಿಸಿದ್ದಾರೆ: ಇದನ್ನು ಕಟ್ಟಿದವರು ಎಲ್ಲಿಂದ ಬಂದರು, ಎಲ್ಲಿ ಮಲಗುತ್ತಿದ್ದರು?

ಇದೇ ದಾರಿ ಹಿಡಿಯುವವರಿಗೆ ಒಂದೆರಡು ಮಾತು. ಡೇಟಾಬೇಸ್ ಮಗುವಿನ ಕೈಗೆ ನೇರ ಕೊಡಬೇಡಿ, ಶಿಶುಗಳ ಸಾವಿನ ಸಾಲುಗಳು ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡವರು ಮೊದಲು ನೋಡಿ, ಹಳ್ಳಿ ಮತ್ತು ವರ್ಷದ ಕಾಲಂ ಅಷ್ಟೇ ಬೇರೆ ಹಾಳೆಗೆ ಇಳಿಸಿಕೊಡಿ. ಹಳ್ಳಿಗಳ ಹೆಸರು ಒಬ್ಬೊಬ್ಬ ಪಾದ್ರಿಯ ಕೈಯಲ್ಲಿ ಒಂದೊಂದು ಥರ ಬರೆದಿರುತ್ತದೆ, ಅದನ್ನು ಹೊಂದಿಸುವುದಕ್ಕೇ ಜಾಸ್ತಿ ಹೊತ್ತು ಬೇಕು. ಫ್ರೀಮಾಂಟ್ ಕಡೆಯವರು ಮಿಷನ್ ಚರ್ಚಿಗೆ ಹೋದರೆ, ಸ್ವಲ್ಪ ದೂರದಲ್ಲೇ ಇರುವ ಓಲೋನಿ ಸ್ಮಶಾನವನ್ನೂ ಸೇರಿಸಿಕೊಳ್ಳಿ. ಲಾಸ್ ಏಂಜಲೀಸ್ ಕಡೆ ಪ್ರವಾಸ ಇದ್ದರೆ ದಾರಿಯಲ್ಲಿ ಲಾ ಪುರೀಸಿಮಾದಲ್ಲಿ ಇಳಿಯಬಹುದು. 1930ರ ದಶಕದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದು ಅದು, ನೇಯ್ಗೆ ಮತ್ತಿತರ ಕೆಲಸದ ಕೋಣೆಗಳನ್ನು ಮಕ್ಕಳು ಒಳಹೊಕ್ಕು ನೋಡಬಹುದು.